ಹುಲಿ-ಕುರಿ ಆಟ: ಕುರಿ ಕಡೆ ಕೂತು ಗೆಲ್ಲೋದು ಹೇಗೆ

ಹುಲಿ-ಕುರಿ ಆಡೋಕೆ ಇಬ್ಬರು ಕೂತರೆ ಮೊದಲು ಶುರುವಾಗೋದು ಜಗಳ. "ನಾನೇ ಹುಲಿ." ಕುರಿ ಯಾರಿಗೂ ಬೇಡ. ಹುಲಿ ಹಾರುತ್ತದೆ, ಹೊಡೆಯುತ್ತದೆ, ಕುರಿ ಸುಮ್ನೆ ಸಾಯುತ್ತದೆ ಅಂತ ಎಲ್ಲರ ಲೆಕ್ಕ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ಮಧ್ಯಾಹ್ನ ಊಟ ಮುಗಿದ ಮೇಲೆ ಜಗಲಿಯಲ್ಲಿ ಸೀಮೆಸುಣ್ಣದಿಂದ ಮಣೆ ಬರೆದುಕೊಂಡು ಮಕ್ಕಳ ಜೊತೆ ಈ ಆಟ ಆಡುತ್ತೇನೆ. ನಾನು ಕೂರೋದು ಕುರಿ ಕಡೆಗೇ. ಮಣೆಯ ಗೆರೆಗಳನ್ನು ಓದೋಕೆ ಬಂದರೆ ಕುರಿ ಕಡೆ ಗೆಲ್ಲೋದು ಸಾಧ್ಯ, ಅದೂ ಒಂದು ಕುರಿಯನ್ನೂ ಕಳೆದುಕೊಳ್ಳದೆ. ಆ ಓದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಕೆಲವು ಊರುಗಳಲ್ಲಿ ಇದನ್ನು ಆಡು-ಹುಲಿ ಅಂತಾರೆ, ಕೆಲವು ಕಡೆ ಹುಲಿ ಕಟ್ಟೋ ಆಟ. ತೆಲುಗಿನವರ ಪುಲಿ-ಮೇಕ, ತಮಿಳಿನವರ ಆಡು ಪುಲಿ ಆಟ್ಟಂ ಕೂಡ ಇದೇ ಮಣೆಯ ಮೇಲೆ ನಡೆಯುತ್ತವೆ. ಹಾಗಾಗಿ ಬೆಂಗಳೂರಿನಲ್ಲಿ ಪಕ್ಕದ ಮನೆಯವರು ಯಾವ ಭಾಷೆಯವರಾದರೂ ಸರಿ, ಮಣೆ ಬರೆದರೆ ಬಂದು ಕೂರುತ್ತಾರೆ. ಪಗಡೆ, ಚೌಕಾಬಾರದ ಥರ ಇಲ್ಲಿ ದಾಳ ಇಲ್ಲ, ಕವಡೆ ಇಲ್ಲ. ಅದೃಷ್ಟಕ್ಕೆ ಜಾಗವೇ ಇಲ್ಲ. ಸೋತರೆ ಯಾವ ನಡೆಯಲ್ಲಿ ಸೋತೆವು ಅಂತ ಬೆರಳಿಟ್ಟು ತೋರಿಸಬಹುದು. ನನಗೆ ಈ ಆಟ ಇಷ್ಟ ಆಗೋದು ಅದಕ್ಕೇ.

ಮಣೆ ಬರೆಯೋದು

ಮೊದಲು ಒಂದು ದೊಡ್ಡ ತ್ರಿಕೋನ ಬರೆಯಿರಿ. ತಳ ಅಗಲವಾಗಿರಲಿ. ತುದಿಯಿಂದ ತಳಕ್ಕೆ ಒಳಗೆ ಇನ್ನೂ ಎರಡು ಗೆರೆ ಇಳಿಸಿ. ಈಗ ತುದಿಯಿಂದ ತಳಕ್ಕೆ ಒಟ್ಟು ನಾಲ್ಕು ಗೆರೆ ಆದವು. ಆಮೇಲೆ ತ್ರಿಕೋನದ ಮೇಲೆ ಅಡ್ಡಲಾಗಿ ಒಂದು ಆಯತ ಬರೆಯಿರಿ. ಅದು ತ್ರಿಕೋನದ ಎರಡೂ ಬದಿಯಿಂದ ಆಚೆ ಚಾಚಿಕೊಂಡಿರಬೇಕು. ಅದರ ಮೇಲಿನ ಗೆರೆ ತುದಿಗಿಂತ ಕೆಳಗೆ, ಕೆಳಗಿನ ಗೆರೆ ತಳಕ್ಕಿಂತ ಸ್ವಲ್ಪ ಮೇಲೆ. ಕೊನೆಗೆ ಆಯತದ ನಡುವೆ ಇನ್ನೊಂದು ಅಡ್ಡಗೆರೆ ಎಳೆಯಿರಿ. ಮಣೆ ಮುಗಿಯಿತು.

ಗೆರೆಗಳು ಕೂಡುವ ಜಾಗವೇ ಮನೆ. ಎಣಿಸಿ ನೋಡಿ. ತುದಿಯಲ್ಲಿ 1. ಮೂರು ಅಡ್ಡಗೆರೆಗಳಲ್ಲಿ ಒಂದೊಂದರ ಮೇಲೂ 6, ಅಂದರೆ 18. ತಳದಲ್ಲಿ 4. ಒಟ್ಟು 23. ಅಷ್ಟು ಬರದೇ ಇದ್ದರೆ ಎಲ್ಲೋ ಗೆರೆ ತಪ್ಪಿದೆ. ಆಯತವನ್ನು ತ್ರಿಕೋನದ ಒಳಗೇ ನಿಲ್ಲಿಸಿಬಿಡೋದು ಮಕ್ಕಳು ಜಾಸ್ತಿ ಮಾಡೋ ತಪ್ಪು. ಹಾಗೆ ಬರೆದರೆ ಎಡ-ಬಲದ ಆರು ಮನೆ ಮಾಯ. ಅವು ಹೋದರೆ ಕುರಿಯ ಕಥೆ ಮುಗಿದ ಹಾಗೆ, ಯಾಕೆ ಅಂತ ಮುಂದೆ ಗೊತ್ತಾಗುತ್ತದೆ. ಮೊದಲ ಅಡ್ಡಗೆರೆಯನ್ನು ತುದಿಗೆ ತೀರಾ ಹತ್ತಿರ ಎಳೆಯಬೇಡಿ. ಅಲ್ಲಿ ಮನೆಗಳು ಒತ್ತೊತ್ತಾಗಿ ಬಿದ್ದು ಯಾವ ಕಾಯಿ ಎಲ್ಲಿದೆ ಅಂತಲೇ ತಿಳಿಯೋದಿಲ್ಲ.

ಕುರಿಗೆ 15 ಹುಣಸೆ ಬೀಜ. ಹುಲಿಗೆ 3 ಬಾಟಲಿ ಮುಚ್ಚಳ, ಇಲ್ಲವೇ ಸ್ವಲ್ಪ ದೊಡ್ಡ ಕಲ್ಲು. ಮನೆಯಲ್ಲಿ ಆಡೋದಾದರೆ ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಸ್ಕೆಚ್ ಪೆನ್ನಿನಿಂದ ಬರೆದಿಟ್ಟುಕೊಳ್ಳಿ. ಸುತ್ತಿ ಮೂಲೆಗೆ ಇಟ್ಟರೆ ವರ್ಷಗಟ್ಟಲೆ ಬರುತ್ತದೆ.

ಈಗ ಮನೆಗಳಿಗೆ ಹೆಸರಿಡೋಣ. ಇಲ್ಲದಿದ್ದರೆ ಮುಂದೆ ಬರೀ "ಅಲ್ಲಿ, ಇಲ್ಲಿ" ಅನ್ನಬೇಕಾಗುತ್ತದೆ. ನಾನು ಮಕ್ಕಳಿಗೆ ಹೇಳಿಕೊಡೋದು ಹೀಗೆ: ಎಡಗಡೆಯಿಂದ ಉದ್ದದ ಸಾಲುಗಳು ಕ, ಚ, ಟ, ತ, ಪ, ಯ. ಆಯತದ ಎಡಬದಿ ಕ, ಬಲಬದಿ ಯ. ತುದಿಯಿಂದ ಇಳಿಯುವ ನಾಲ್ಕು ಗೆರೆ ಚ, ಟ, ತ, ಪ. ಅಡ್ಡಗೆರೆಗಳಿಗೆ ಮೇಲಿಂದ ಕೆಳಗೆ 1, 2, 3. ತಳ 4. ತಳದಲ್ಲಿ ಕ, ಯ ಇಲ್ಲ. ಚ4, ಟ4, ತ4, ಪ4 ಅಷ್ಟೇ. ತುದಿಗೆ ತುದಿ ಅಂತಲೇ ಹೆಸರು. ಒಂದು ಚೀಟಿಯಲ್ಲಿ ಮಣೆ ಬರೆದು ಈ ಹೆಸರುಗಳನ್ನು ಗುರುತು ಹಾಕಿಕೊಂಡು ಮುಂದೆ ಓದಿ. ಕಾಯಿ ಇಟ್ಟುಕೊಂಡು ಓದಿದರೆ ಇನ್ನೂ ಒಳ್ಳೇದು.

ಆಡೋ ಕ್ರಮ

ಮೂರು ಹುಲಿಗಳು ಮೊದಲೇ ಕೂರುತ್ತವೆ: ತುದಿಯಲ್ಲಿ ಒಂದು, ಟ1ರಲ್ಲಿ ಒಂದು, ತ1ರಲ್ಲಿ ಒಂದು. ಕುರಿಯವರು ಒಂದು ಕುರಿಯನ್ನು ಖಾಲಿ ಮನೆಯಲ್ಲಿ ಇಡುತ್ತಾರೆ. ಹುಲಿಯವರು ಒಂದು ಹುಲಿಯನ್ನು ನಡೆಸುತ್ತಾರೆ. ಹೀಗೆ ಸರದಿ ಪ್ರಕಾರ. 15 ಕುರಿಯೂ ಮಣೆಗೆ ಬರೋವರೆಗೆ ಇಟ್ಟ ಕುರಿ ಅಲ್ಲಾಡೋ ಹಾಗಿಲ್ಲ. ಎಲ್ಲ ಬಂದ ಮೇಲೆ ಕುರಿಯೂ ಗೆರೆ ಹಿಡಿದು ಪಕ್ಕದ ಖಾಲಿ ಮನೆಗೆ ಒಂದು ಹೆಜ್ಜೆ ನಡೆಯಬಹುದು.

ಹುಲಿಯ ನಡೆಯೂ ಒಂದೇ ಹೆಜ್ಜೆ. ಆದರೆ ಪಕ್ಕದ ಮನೆಯಲ್ಲಿ ಕುರಿ ಇದ್ದು, ಅದೇ ನೇರ ಗೆರೆಯಲ್ಲಿ ಅದರಾಚೆಯ ಮನೆ ಖಾಲಿ ಇದ್ದರೆ, ಹುಲಿ ಹಾರಿ ಆ ಕುರಿಯನ್ನು ತಿನ್ನುತ್ತದೆ. ಗೆರೆ ನೇರ ಇರಬೇಕು ಅನ್ನೋದನ್ನು ಮರೆಯಬೇಡಿ. ಚ1ರಿಂದ ತುದಿಯ ಮೇಲೆ ಹಾರಿ ಪ1ಕ್ಕೆ ಬೀಳೋಕೆ ಆಗಲ್ಲ. ತುದಿಯಲ್ಲಿ ಗೆರೆ ಮುರಿಯುತ್ತದೆ. ಹುಲಿಯ ಮೇಲೆ ಹುಲಿ ಹಾರೋ ಹಾಗಿಲ್ಲ. ನಮ್ಮಲ್ಲಿ ಒಂದು ಸರದಿಗೆ ಒಂದೇ ಕುರಿ.

ಆರು ಕುರಿ ಸತ್ತರೆ ಹುಲಿ ಗೆದ್ದಿತು. ಮೂರು ಹುಲಿಗೂ ನಡೆಯೋಕೆ, ಹಾರೋಕೆ ಜಾಗ ಇಲ್ಲದ ಹಾಗೆ ಕಟ್ಟಿಹಾಕಿದರೆ ಕುರಿ ಗೆದ್ದಿತು. ಐದಕ್ಕೇ ಆಟ ಮುಗಿಸೋ ಊರುಗಳಿವೆ. ಒಂದೇ ಸರದಿಯಲ್ಲಿ ಎರಡು-ಮೂರು ಕುರಿ ಹಾರಬಹುದು ಅನ್ನೋರೂ ಇದ್ದಾರೆ. ಯಾವುದಾದರೂ ಇರಲಿ, ಮೊದಲ ಕುರಿ ಇಡೋ ಮುಂಚೆ ಬಾಯಿಬಿಟ್ಟು ಮಾತಾಡಿಕೊಳ್ಳಿ.

ಗೆರೆ ಓದೋದು

ಇಲ್ಲಿಂದ ನಿಧಾನಕ್ಕೆ ಬನ್ನಿ. ಆಟದ ಗುಟ್ಟೆಲ್ಲ ಇಲ್ಲೇ ಇದೆ.

ಹುಲಿ ಕುರಿಯನ್ನು ಹೊಡೆಯಬೇಕಾದರೆ ಕುರಿಯ ಈಚೆ ಹುಲಿ ಇರಬೇಕು, ಆಚೆ ಖಾಲಿ ಮನೆ ಇರಬೇಕು. ಎರಡೂ ಒಂದೇ ಗೆರೆಯಲ್ಲಿ. ಅಂದಮೇಲೆ ಯಾವ ಗೆರೆಯೂ ಹಾದುಹೋಗದೆ, ಎಲ್ಲ ಗೆರೆಗಳೂ ಬಂದು ನಿಲ್ಲೋ ಮನೆಯಲ್ಲಿ ಕೂತ ಕುರಿಯನ್ನು ಯಾವ ಹುಲಿಯೂ ಮುಟ್ಟೋಕೆ ಆಗಲ್ಲ. ಅಂಥ ಮನೆ ಎಷ್ಟಿವೆ? ಹುಡುಕೋಕೆ ಹೇಳಿದರೆ ಮಕ್ಕಳು ಮೊದಲು ಆಯತದ ನಾಲ್ಕು ಮೂಲೆ ತೋರಿಸುತ್ತಾರೆ: ಕ1, ಕ3, ಯ1, ಯ3. ಸರಿ. ಆಮೇಲೆ ತಳದ ಎರಡು ಕೊನೆ: ಚ4, ಪ4. ಅದೂ ಸರಿ. ಏಳನೆಯದು ತುದಿ. ಅದನ್ನು ಮಾತ್ರ ಹೆಚ್ಚಿನವರು ಬಿಡುತ್ತಾರೆ. ಅಲ್ಲಿ ಹುಲಿ ಕೂತಿರೋದರಿಂದ ಅದು ಹುಲಿಯ ಮನೆ ಅಂತಲೇ ಅನ್ನಿಸಿಬಿಡುತ್ತದೆ. ಆದರೆ ನಾಲ್ಕು ಗೆರೆಯೂ ಅಲ್ಲಿಗೇ ನಿಲ್ಲುತ್ತವೆ. ಹುಲಿ ಒಮ್ಮೆ ಅಲ್ಲಿಂದ ಇಳಿದು ದೂರ ಹೋದರೆ, ಕುರಿ ಅಲ್ಲಿ ಕೂತು ಪೂರ್ತಿ ನಿಶ್ಚಿಂತೆಯಿಂದ ಇರಬಹುದು.

ಏಳು ಮನೆ ಸಿಕ್ಕವು. ಆದರೆ ಕುರಿ ಹದಿನೈದು. ಉಳಿದವಕ್ಕೆ ಏನು ಮಾಡೋದು?

ಅವಕ್ಕೆ ಒಂದೇ ಒಂದು ಸೂತ್ರ. ಕುರಿಯ ಮೂಲಕ ಹಾದುಹೋಗುವ ಪ್ರತಿ ಗೆರೆಯಲ್ಲೂ, ಅದರ ಎರಡು ಪಕ್ಕದ ಮನೆಗಳಲ್ಲಿ ಒಂದರಲ್ಲಾದರೂ ಇನ್ನೊಂದು ಕುರಿ ಇರಬೇಕು. ಅಷ್ಟಿದ್ದರೆ ಆ ಗೆರೆಯಲ್ಲಿ ಅದು ಸಾಯೋದಿಲ್ಲ. ಹುಲಿ ಈ ಕಡೆ ನಿಂತರೆ ಬೀಳೋಕೆ ಆ ಕಡೆ ಜಾಗ ಇಲ್ಲ. ಆ ಕಡೆಯಿಂದ ಬರೋಣ ಅಂದರೆ ನಿಲ್ಲೋಕೇ ಜಾಗ ಇಲ್ಲ. ಕ2 ತಗೊಳ್ಳಿ. ಅದರ ಮೂಲಕ ಹಾದುಹೋಗುವ ಗೆರೆ ಕ1-ಕ2-ಕ3 ಒಂದೇ. ಅಡ್ಡಗೆರೆ ಅಲ್ಲೇ ನಿಲ್ಲುತ್ತದೆ. ಹಾಗಾಗಿ ಕ3ರಲ್ಲಿ ಒಂದು ಕುರಿ ಇದ್ದರೆ ಕ2 ಭದ್ರ. ಟ4ಕ್ಕೂ ಹಾಗೇ, ಚ4ರಲ್ಲಿ ಕುರಿ ಇದ್ದರೆ ಸಾಕು.

ಒಂದು ಆರಂಭ ನೋಡಿ. ಮೊದಲ ಕುರಿ ಚ4. ಹುಲಿ ಟ1ರಿಂದ ಟ2ಕ್ಕೆ ಇಳಿಯಿತು. ಎರಡನೇ ಕುರಿ ಪ4. ಹುಲಿ ಟ2ರಿಂದ ಟ3ಕ್ಕೆ ಬಂತು, ತಳದ ನೆತ್ತಿಯ ಮೇಲೇ ಕೂತಿತು. ಹೊಸಬರು ಇಲ್ಲಿ ಹೆದರಿ ಮೂರನೇ ಕುರಿಯನ್ನು ಎಲ್ಲೋ ದೂರ ಇಡುತ್ತಾರೆ. ನೀವು ಟ4ರಲ್ಲೇ ಇಡಿ, ಹುಲಿಯ ಮೂಗಿನ ಕೆಳಗೆ. ಉದ್ದದ ಗೆರೆ ಅಲ್ಲೇ ಮುಗಿಯುತ್ತದೆ, ಅಡ್ಡಕ್ಕೆ ಚ4 ಆಸರೆ ಇದೆ. ಹುಲಿಗೆ ಏನೂ ಮಾಡೋಕೆ ಆಗಲ್ಲ. ಅದು ತ3ಕ್ಕೆ ಸರಿದರೆ ನಾಲ್ಕನೇ ಕುರಿ ತ4. ತಳ ತುಂಬಿತು. ಎಂಟನೇ ತರಗತಿಯ ಹುಡುಗಿಯೊಬ್ಬಳು ಮೊದಲ ಸಲ ಹೀಗೆ ಹುಲಿಯ ಮುಂದೆಯೇ ಕುರಿ ಇಟ್ಟು, ಕೈ ತೆಗೆಯದೆ ಎರಡೂ ಗೆರೆಯನ್ನು ಬೆರಳಿನಿಂದ ತಡವಿ ನೋಡಿ, ಆಮೇಲೆ ಕೈ ತೆಗೆದಳು. ಹಾಗೆ ತಡವಿ ನೋಡೋ ಅಭ್ಯಾಸ ಎಲ್ಲರಿಗೂ ಬರಬೇಕು.

ಮುಂದೆ ಎಡಬದಿ: ಕ3, ಕ2, ಕ1. ಬಲಬದಿ: ಯ3, ಯ2, ಯ1. ಹತ್ತು ಕುರಿ ಆದವು, ಹತ್ತೂ ಭದ್ರ. ಹನ್ನೊಂದನೆಯದು ಚ3: ಪಕ್ಕದಲ್ಲಿ ಕ3, ಕೆಳಗೆ ಚ4. ಹನ್ನೆರಡನೆಯದು ಪ3: ಪಕ್ಕದಲ್ಲಿ ಯ3, ಕೆಳಗೆ ಪ4. ಆಮೇಲೆ ಟ3, ತ3. ಕೊನೆಯದು ಚ2, ಅದಕ್ಕೆ ಪಕ್ಕದಲ್ಲಿ ಕ2 ಇದೆ, ಕೆಳಗೆ ಚ3 ಇದೆ. ಹದಿನೈದೂ ಮಣೆಗೆ ಬಂದವು. ಒಂದೂ ಸಾಯಲಿಲ್ಲ. ಕಟ್ಟಡ ಕಟ್ಟಿದ ಹಾಗೆ ಇದು, ಪಾಯದಿಂದ ಮೇಲಕ್ಕೆ ಬರಬೇಕು, ಇಟ್ಟಿಗೆಗೆ ಇಟ್ಟಿಗೆ ತಾಗಿರಬೇಕು.

ಎದುರಾಳಿಗೆ ಆಟ ಗೊತ್ತಿದ್ದರೆ ಇಷ್ಟು ಸಲೀಸಾಗಿ ಬಿಡೋದಿಲ್ಲ. ಹುಲಿ ಕೆಳಗಿಳಿದು ಬಂದು ಗೋಡೆ ಬರಬೇಕಾದ ಜಾಗದಲ್ಲೇ ಕೂರುತ್ತದೆ. ಆಗ ಗಾಬರಿ ಬೇಡ. ಬದಿಗೆ ಬಂದ ಹುಲಿ ಅಂದರೆ ಕಟ್ಟೋಕೆ ಸುಲಭವಾದ ಹುಲಿ.

ಹುಲಿ ಕಟ್ಟೋ ಲೆಕ್ಕ

ಒಂಟಿ ಹುಲಿಯೊಂದನ್ನು ಕಟ್ಟೋಕೆ ಎಷ್ಟು ಕುರಿ ಬೇಕು ಅನ್ನೋದು ಅದು ಎಲ್ಲಿ ಕೂತಿದೆ ಅನ್ನೋದರ ಮೇಲೆ ನಿಂತಿದೆ. ಅದರ ಪಕ್ಕದ ಮನೆಗಳು ತುಂಬಬೇಕು, ಹಾರಿ ಬೀಳೋ ಮನೆಗಳೂ ತುಂಬಬೇಕು. ಕ1ರಲ್ಲಿ ಕೂತ ಹುಲಿಗೆ ಪಕ್ಕದ ಮನೆ ಎರಡು, ಕ2 ಮತ್ತು ಚ1. ಹಾರಿ ಬೀಳೋ ಮನೆ ಎರಡು, ಕ3 ಮತ್ತು ಟ1. ನಾಲ್ಕು ಕುರಿ ಸಾಕು. ಆಯತದ ಉಳಿದ ಮೂಲೆಗಳಿಗೂ, ತಳದ ಎರಡು ಕೊನೆಗೂ ನಾಲ್ಕೇ. ಟ4ರಲ್ಲಿ ಕೂತರೆ ಐದು. ಅದೇ ನಡುಮಧ್ಯೆ ಟ2ರಲ್ಲಿ ಕೂತರೆ ಎಂಟು ಬೇಕು. ತುದಿಯಲ್ಲಿ ಕೂತರೂ ಎಂಟು.

ಈ ಲೆಕ್ಕ ತಲೆಯಲ್ಲಿದ್ದರೆ ಆಟವೇ ಬೇರೆ ಥರ ಕಾಣುತ್ತದೆ. ಮೂರು ಹುಲಿಯೂ ಕ1, ಕ2, ಕ3ರಲ್ಲಿ ಸಾಲಾಗಿ ಕೂತರೆ ಮೂರನ್ನೂ ಸೇರಿಸಿ ಕಟ್ಟೋಕೆ ಆರೇ ಕುರಿ ಸಾಕು: ಚ1, ಚ2, ಚ3, ಟ1, ಟ2, ಟ3. ಅಷ್ಟು ದಡ್ಡ ಎದುರಾಳಿ ಸಿಗೋದು ಕಷ್ಟ, ಅಲ್ವಾ? ಆದರೆ ಶುರುವಿನ ಜಾಗದಲ್ಲೇ, ಅಂದರೆ ತುದಿ, ಟ1, ತ1ರಲ್ಲೇ ಮೂರನ್ನೂ ಕಟ್ಟೋಕೆ ಹತ್ತು ಕುರಿ ಸಾಕು ಅನ್ನೋದು ಕೆಲಸಕ್ಕೆ ಬರೋ ಲೆಕ್ಕ. ಹುಲಿಗಳು ಒಂದಕ್ಕೊಂದು ಅಂಟಿಕೊಂಡಿದ್ದರೆ ಒಂದರ ದಾರಿಯನ್ನು ಇನ್ನೊಂದು ಮುಚ್ಚುತ್ತದೆ.

ಕಟ್ಟುವಾಗ ಕ್ರಮ ಮುಖ್ಯ. ಮೊದಲು ದೂರದ ಮನೆ, ಆಮೇಲೆ ಹತ್ತಿರದ ಮನೆ. ಹುಲಿ ಚ4ರಲ್ಲಿ ಬಂದು ಕೂತಿದೆ, ಪ4ರಲ್ಲಿ ನಿಮ್ಮ ಕುರಿ ಇದೆ ಅಂದುಕೊಳ್ಳಿ. ಆತುರಪಟ್ಟು ಟ4ರಲ್ಲಿ ಕುರಿ ಇಟ್ಟರೆ ಹುಲಿ ಅದರ ಮೇಲೆ ಹಾರಿ ತ4ಕ್ಕೆ ಬೀಳುತ್ತದೆ. ಮೊದಲು ತ4ರಲ್ಲಿ ಇಡಿ. ಪ4 ಪಕ್ಕದಲ್ಲಿ ಇರೋದರಿಂದ ಅದು ಭದ್ರ. ಮುಂದಿನ ಸರದಿಗೆ ಟ4. ಈಗ ತಳದ ಕಡೆಯ ದಾರಿ ಪೂರ್ತಿ ಬಂದ್. ಉಳಿದದ್ದು ಚ3 ಒಂದೇ ಬಾಗಿಲು.

ಇನ್ನೊಂದು ಮಾತು. ಒಂದು ಕುರಿಯನ್ನು ಬಲಿ ಕೊಟ್ಟು ಹುಲಿಯನ್ನು ಮೂಲೆಗೆ ಎಳೆದು, ತಕ್ಷಣ ಕಟ್ಟಿಬಿಡೋಣ ಅಂತ ಎಷ್ಟೋ ಜನ ನೋಡುತ್ತಾರೆ. ಅದು ಆಗದ ಕೆಲಸ. ಹುಲಿ ಹಾರಿದಾಗ ಎರಡು ಮನೆ ಖಾಲಿಯಾಗುತ್ತವೆ: ಸತ್ತ ಕುರಿಯದು, ಹುಲಿ ಬಿಟ್ಟು ಬಂದದ್ದು. ಎರಡೂ ಅದೇ ಗೆರೆಯಲ್ಲಿ. ನಿಮಗೆ ಸಿಗೋದು ಒಂದೇ ನಡೆ. ಹತ್ತಿರದ ಮನೆ ತುಂಬಿದರೆ ಅದರ ಮೇಲೆ ಹಾರಿ ವಾಪಸ್ ಹೋಗುತ್ತದೆ. ದೂರದ್ದು ತುಂಬಿದರೆ ನಡೆದುಕೊಂಡು ಈಚೆ ಬರುತ್ತದೆ. ಹಾಗಾದರೆ ಬಲಿ ದಂಡವಾ? ಅಲ್ಲ. ಹುಲಿ ಹೋಗಿ ಬರೋ ಹೊತ್ತಿನಲ್ಲಿ ಇನ್ನೊಂದು ಬದಿಯ ಗೋಡೆ ಮುಗಿಸಿಕೊಳ್ಳಬಹುದು. ಬಲಿಯಿಂದ ನೀವು ಕೊಂಡುಕೊಳ್ಳೋದು ಹೊತ್ತನ್ನು. ಆ ಹೊತ್ತಿಗೆ ಏನು ಕೆಲಸ ಇದೆ ಅಂತ ಮೊದಲೇ ಗೊತ್ತಿದ್ದರೆ ಮಾತ್ರ ಕೊಡಿ.

ಕುರಿಗಳು ನಡೆಯೋಕೆ ಶುರುವಾದ ಮೇಲೆ

ಹದಿನೈದೂ ಕುರಿ ಬಂದು ನಿಂತವು. ಹುಲಿಗಳ ಪಾಲಿಗೆ ಉಳಿದದ್ದು ತುದಿ, ಚ1, ಟ1, ತ1, ಪ1, ಟ2, ತ2, ಪ2. ಈಗ ಸರದಿ ಬಂದಾಗ ಕುರಿ ನಡೆಯಲೇಬೇಕು, ಸುಮ್ನೆ ಕೂರೋ ಹಾಗಿಲ್ಲ. ಎಷ್ಟೋ ಒಳ್ಳೆ ಗೋಡೆಗಳು ಬೀಳೋದು ಇಲ್ಲೇ. ಮುಂದೆ ಹೋದ ಕುರಿಯ ಹಿಂದೆ ಒಂದು ತೂತು ಬಿಡುತ್ತದೆ. ಹುಲಿಗೆ ಬೀಳೋಕೆ ಅದೇ ಜಾಗ.

ಅದಕ್ಕೆ ಎರಡು ಹೆಜ್ಜೆಯ ನಡೆ. ಮೊದಲ ಹೆಜ್ಜೆ ಮುಂದಕ್ಕೆ, ಎರಡನೆಯದು ಹಿಂದಿನ ತೂತು ಮುಚ್ಚೋಕೆ. ಪ3ರ ಕುರಿಯನ್ನು ಪ2ಕ್ಕೆ ಸರಿಸಬೇಕು ಅಂದುಕೊಳ್ಳಿ. ಪ1ರಲ್ಲಿ ಹುಲಿ ಇದೆಯಾ ನೋಡಿ. ಇದ್ದರೆ ಬೇಡ, ಅದು ಹಾರಿ ಪ3ಕ್ಕೆ ಬೀಳುತ್ತದೆ. ಇಲ್ಲ ಅಂದರೆ ಸರಿಸಿ. ಅಡ್ಡಕ್ಕೆ ಯ2 ಆಸರೆ ಇದೆ. ಹುಲಿ ಈಗ ಪ1ಕ್ಕೆ ಬಂದು ಹೆದರಿಸಬಹುದು. ಬರಲಿ. ನಿಮ್ಮ ಮುಂದಿನ ನಡೆ ಪ4ರಿಂದ ಪ3ಕ್ಕೆ. ತೂತು ಮುಚ್ಚಿತು, ಗೋಡೆ ಒಂದು ಮನೆ ಮುಂದೆ ಬಂತು. ಪ4 ಖಾಲಿಯಾಯಿತು ಅಂತ ಚಿಂತೆ ಬೇಡ. ತ4ಕ್ಕೆ ಟ4 ಆಸರೆ ಇದೆ, ಅಲ್ಲಿಗೆ ಹುಲಿ ಬರೋಕೆ ದಾರಿಯೂ ಇಲ್ಲ.

ಇದೇ ಥರ ಟ3ರಿಂದ ಟ2ಕ್ಕೆ, ಹಿಂದೆ ಟ4ರಿಂದ ಟ3ಕ್ಕೆ. ಆಮೇಲೆ ತ3ರಿಂದ ತ2ಕ್ಕೆ, ತ4ರಿಂದ ತ3ಕ್ಕೆ. ಪ್ರತಿ ಸಲ ಮುಂದಿನ ಮನೆಯಲ್ಲಿ, ಅದೇ ಗೆರೆಯಲ್ಲಿ ಹುಲಿ ಇಲ್ಲದ ಹೊತ್ತು ನೋಡಿ ಹೆಜ್ಜೆ ಇಡಿ. ಇದೆಲ್ಲ ಆದಾಗ ಮೂರು ಹುಲಿಗೆ ಉಳಿಯೋದು ಐದೇ ಮನೆ: ತುದಿ, ಚ1, ಟ1, ತ1, ಪ1. ನಿಮ್ಮ ಹತ್ತಿರ ಹಿಂದೆ ಚ4ರಲ್ಲಿ ಒಂದು ಕುರಿ ಬಿಡುವಾಗಿ ಉಳಿದಿರುತ್ತದೆ.

ಆ ಕುರಿಯ ಬೆಲೆ ಜಾಸ್ತಿ. ಹುಲಿ ಸರಿಯಾದ ಜಾಗದಲ್ಲಿ ಕೂತು ನಿಮ್ಮ ಮುಂದಿನ ಹೆಜ್ಜೆಯನ್ನು ತಡೆಯುತ್ತಿದೆ ಅಂದುಕೊಳ್ಳಿ. ಗೋಡೆಯ ಕುರಿ ಅಲ್ಲಾಡಿಸಿದರೆ ಕೆಟ್ಟಿತು. ಆಗ ಆ ಬಿಡುವಿನ ಕುರಿಯನ್ನು ಚ4ರಿಂದ ಟ4ಕ್ಕೆ ಸರಿಸಿ. ಮುಂದಿನ ಸಲ ವಾಪಸ್ ಚ4ಕ್ಕೆ. ನಿಮ್ಮ ಸರದಿ ಖರ್ಚಾಯಿತು, ಗೋಡೆ ಹಾಗೇ ನಿಂತಿದೆ. ಹುಲಿಗೆ ಅಂಥ ಬಿಡುವಿಲ್ಲ, ಇರೋ ಐದು ಮನೆಯೊಳಗೇ ಅದು ನಡೆಯಬೇಕು. ಒಳ್ಳೆಯ ಜಾಗ ಬಿಟ್ಟು ಏಳಲೇಬೇಕಾಗುತ್ತದೆ. ಚೆಸ್ ಆಡುವವರಿಗೆ ಇದು ಗೊತ್ತು, ಅವರು ಜುಗ್‌ಜ್ವಾಂಗ್ ಅಂತಾರೆ. ಟ1 ಖಾಲಿಯಾದ ಗಳಿಗೆಯಲ್ಲಿ, ಚ1 ಕೂಡ ಖಾಲಿ ಇದ್ದರೆ, ಕ1ರಿಂದ ಚ1ಕ್ಕೆ ಹೆಜ್ಜೆ ಇಡಿ. ಮುಂದಿನ ನಡೆ ಕ2ರಿಂದ ಕ1ಕ್ಕೆ. ಬಲಗಡೆಯೂ ಹಾಗೇ. ಹುಲಿಗಳು ತುದಿಗೆ ಹೋಗಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ಹುಲಿ ಕಡೆ ಕೂತವರಿಗೆ

ಹುಲಿ ಕಡೆಗೂ ಸ್ವಲ್ಪ ಹೇಳದಿದ್ದರೆ ಅನ್ಯಾಯ. ಮೇಲಿನದನ್ನೆಲ್ಲ ಓದಿದರೆ ಹುಲಿಯ ಕೆಲಸ ಏನು ಅಂತ ಗೊತ್ತಾಗಿಬಿಡುತ್ತದೆ: ಗೋಡೆ ಜೋಡಣೆ ಆಗೋಕೆ ಬಿಡಬಾರದು. ತುದಿಯಲ್ಲೇ ಮೂರೂ ಕೂತಿರಬೇಡಿ. ಒಂದನ್ನಾದರೂ ಬೇಗ 3ನೇ ಗೆರೆಗೆ ಇಳಿಸಿ. ಮೂರೂ ಬೇರೆ ಬೇರೆ ಕಡೆ ಇರಲಿ. ಮೂಲೆಗೆ ಹೋಗೋದಾದರೆ ಕುರಿ ತಿನ್ನೋಕೆ ಮಾತ್ರ ಹೋಗಿ, ತಿಂದ ತಕ್ಷಣ ಈಚೆ ಬನ್ನಿ.

ಹೊಡೆಯೋದಕ್ಕೆ ಒಳ್ಳೆ ದಾರಿ ಎರಡು ಕಡೆ ಒಟ್ಟಿಗೆ ಬೆದರಿಕೆ ಹಾಕೋದು. ಚ2ರಲ್ಲಿ ಒಂದು ಕುರಿ, ತ2ರಲ್ಲಿ ಒಂದು ಕುರಿ, ಕ2 ಮತ್ತು ಪ2 ಖಾಲಿ. ನಿಮ್ಮ ಹುಲಿ ಟ2ಕ್ಕೆ ಬಂದು ನಿಂತರೆ ಎರಡೂ ಕುರಿಯ ಮೇಲೆ ಕಣ್ಣು ಬಿತ್ತು. ಎದುರಾಳಿ ಒಂದು ಸರದಿಯಲ್ಲಿ ಒಂದನ್ನೇ ಉಳಿಸಿಕೊಳ್ಳೋಕೆ ಆಗೋದು. ಮೊದಲ ಎಂಟು-ಹತ್ತು ಕುರಿ ಬರೋವಾಗಲೇ ಇಂಥ ಅವಕಾಶ ಸಿಗೋದು ಜಾಸ್ತಿ. ಗೋಡೆ ಎದ್ದ ಮೇಲೆ ಕಷ್ಟ.

ಪಂದ್ಯ ಆಡೋದಾದರೆ

ಎರಡು ಆಟದ ಪಂದ್ಯ ಇಡಿ. ಒಮ್ಮೆ ನೀವು ಹುಲಿ, ಒಮ್ಮೆ ಅವರು. ಇಬ್ಬರೂ ಒಂದೊಂದು ಗೆದ್ದರೆ, ಹುಲಿ ಕಡೆ ಕೂತಾಗ ಯಾರು ಜಾಸ್ತಿ ಕುರಿ ತಿಂದರು ಅಂತ ನೋಡಿ. ಆಗ ಸೋಲುತ್ತಿರೋ ಆಟದಲ್ಲೂ ಒಂದೊಂದು ಕುರಿಗೂ ಬೆಲೆ ಬರುತ್ತದೆ. ಎರಡೂ ಕಡೆಯವರು ಹಿಂದೆ-ಮುಂದೆ ಅದೇ ನಡೆ ನಡೆಯುತ್ತಾ ಕೂತರೆ ಆಟ ಸಮ ಅಂತ ಒಪ್ಪಿಕೊಳ್ಳಿ.

ಇದು ಕೈಗೆ ಹತ್ತಿದ ಮೇಲೆ ನೇಪಾಳದ ಬಾಘ್-ಚಾಲ್ ಆಡಿ ನೋಡಿ. ಅಲ್ಲಿ ಚೌಕದ ಮಣೆ, 25 ಮನೆ, ನಾಲ್ಕು ಮೂಲೆಗೆ ನಾಲ್ಕು ಹುಲಿ, 20 ಆಡು. ಐದು ಆಡು ಸತ್ತರೆ ಹುಲಿ ಗೆದ್ದ ಹಾಗೆ. ಇಬ್ಬರೂ ತಪ್ಪಿಲ್ಲದೆ ಆಡಿದರೆ ಅದು ಸಮವಾಗಿ ಮುಗಿಯುತ್ತದೆ ಅಂತ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತೋರಿಸಿದ್ದಾರೆ. ನೇರ ಗೆರೆ, ಆಸರೆ, ದೂರದ ಮನೆ ಮೊದಲು, ಈ ಮೂರೂ ಅಲ್ಲೂ ಹಾಗೇ ನಡೆಯುತ್ತವೆ. ಹಂಪಿಗೆ ಹೋದರೆ ಮಂಟಪಗಳ ನೆಲವನ್ನೂ ಒಮ್ಮೆ ಬಗ್ಗಿ ನೋಡಿ. ಕಲ್ಲಿನ ಮೇಲೆ ಕೊರೆದ ಆಟದ ಮನೆಗಳು ಕಾಣುತ್ತವೆ. ಅವುಗಳ ಮೇಲೆ ಸೀಮೆಸುಣ್ಣ ಹಚ್ಚಬೇಡಿ, ಫೋಟೋ ತೆಗೆದುಕೊಂಡು ಬಂದು ಮನೆಯಲ್ಲಿ ಬರೆದುಕೊಳ್ಳಿ.

ಕೊನೆಗೆ ಒಂದು ಲೆಕ್ಕ ಕೊಡುತ್ತೇನೆ, ಮಕ್ಕಳಿಗೆ ಕೊಡೋದನ್ನೇ. ಮಣೆಯ ಮೇಲೆ ಕಾಯಿ ಇಟ್ಟುಕೊಳ್ಳಿ. ಹುಲಿಗಳು ತುದಿ, ಟ1, ತ1. ಕುರಿಗಳು ಕ1, ಚ1, ಪ1, ಯ1, ಟ2, ತ2, ಪ2, ಚ3, ಟ3, ತ3. ಐದು ಕುರಿ ಆಗಲೇ ಸತ್ತಿವೆ, ಇನ್ನೊಂದು ಸತ್ತರೆ ಆಟ ಮುಗಿಯಿತು. ಸರದಿ ಕುರಿಯದಾದರೆ ಕುರಿ ಒಂದೇ ನಡೆಯಲ್ಲಿ ಗೆಲ್ಲುತ್ತದೆ. ಸರದಿ ಹುಲಿಯದಾದರೆ ಹುಲಿಯೂ ಒಂದೇ ನಡೆಯಲ್ಲಿ ಗೆಲ್ಲುತ್ತದೆ. ಎರಡೂ ನಡೆ ಹುಡುಕಿ. ಎರಡೂ ಹೋಗಿ ನಿಲ್ಲೋದು ಒಂದೇ ಮನೆಯಲ್ಲಿ.